ಟ್ರಂಪೆಟ್ ಊದುವವರು ಒಡೆದ ತುಟಿಗೆ ಲಿಪ್ ಬಾಮ್ ಯಾವಾಗ ಹಚ್ಚಬೇಕು?

ಊದಿ ಮುಗಿಸಿದ ಮೇಲೆ ಮತ್ತು ಮಲಗುವ ಮುನ್ನ ಹಚ್ಚಿ. ಊದುವ ಮೊದಲು ಪೂರ್ತಿ ಒರೆಸಿಬಿಡಿ. ಟ್ರಂಪೆಟ್‌ನಲ್ಲಿ ನಾದ ಹುಟ್ಟುವುದೇ ತುಟಿಯ ಕಂಪನದಿಂದ: 440 ಹರ್ಟ್ಸ್‌ನ ಸ್ವರಕ್ಕೆ ತುಟಿ ಸೆಕೆಂಡಿಗೆ 440 ಸಲ ಅದುರುತ್ತದೆ. ಜಿಡ್ಡಿದ್ದರೆ ಬಾಯಿಗಿಡುವ ಲೋಹದ ಬಟ್ಟಲು ಜಾರುತ್ತದೆ. ಜಾರದಿರಲೆಂದು ಒತ್ತಿ ಹಿಡಿದರೆ ತುಟಿ ಇನ್ನಷ್ಟು ನೋಯುತ್ತದೆ.

ಕೋಲಾರದ ಮಾಗಿಯ ಒಣಗಾಳಿಯಲ್ಲಿ, ಮದುವೆ ದಿಬ್ಬಣದ ಮುಂದೆ ಊದುವ ನಮ್ಮ ಬ್ಯಾಂಡ್‌ಸೆಟ್ಟಿನವರು ಹಾಡು ನಿಂತಾಗಲೆಲ್ಲ ತುಟಿ ನೆಕ್ಕಿಕೊಳ್ಳುತ್ತಾರೆ. ಆ ಎಂಜಲು ಆರುವಾಗ ತುಟಿಯಲ್ಲಿದ್ದ ತೇವವನ್ನೂ ಎಳೆದುಕೊಂಡು ಹೋಗುತ್ತದೆ. ಅದರ ಬದಲು ಒಂದು ಗುಟುಕು ನೀರು ಕುಡಿಯಿರಿ.

ಮೆಂಥಾಲ್, ಕರ್ಪೂರ ಬೆರೆತ ಬಾಮ್ ಬೇಡ, ಒಡೆದ ತುಟಿಯನ್ನು ಉರಿಸುತ್ತದೆ. ಪರಿಮಳವಿಲ್ಲದ ಪೆಟ್ರೋಲಿಯಂ ಜೆಲ್ಲಿ ಸಾಕು. ರಕ್ತ ಜಿನುಗುತ್ತಿದ್ದರೆ ದಯವಿಟ್ಟು ವಾದ್ಯವನ್ನು ಕೆಳಗಿಡಿ, ಗಾಯ ಮಾಯುವವರೆಗೆ ಊದಬೇಡಿ.