ಬಿಡುವ ಮನಸ್ಸಿಲ್ಲದವರ ಸಿಗರೇಟು ತಾನಾಗಿ ಕಡಿಮೆಯಾದರೆ ಅದು ಒಳ್ಳೆಯ ಲಕ್ಷಣವೇ?

ಸಿಗರೇಟು ಬಿಡುವ ಮನಸ್ಸೇ ಇಲ್ಲ ಎನ್ನುವ ನಿಮ್ಮ ಅಣ್ಣ ಎರಡು ವರ್ಷಗಳಲ್ಲಿ ದಿನಕ್ಕೆ 20ರಿಂದ 10ಕ್ಕೆ ಇಳಿದಿದ್ದಾರೆ, ಇದನ್ನು ನಂಬಬಹುದೇ ಎಂದು ಕೇಳಿದ್ದೀರಿ. ಬಿಡುವ ಯೋಚನೆಯನ್ನೇ ಮಾಡದೆ 14 ವರ್ಷ ಸೇದಿದವನು ನಾನು. ಸಂತೋಷಪಡಿ, ಆದರೆ ಎಣಿಕೆಯೊಂದನ್ನೇ ನೆಚ್ಚಿಕೊಳ್ಳಬೇಡಿ.

ಆ 14 ವರ್ಷಗಳಲ್ಲಿ ನನ್ನ ಎಣಿಕೆ ಒಂದೇ ಕಡೆ ನಿಂತಿರಲಿಲ್ಲ. ರಾತ್ರಿ ಪಾಳಿಯಲ್ಲಿದ್ದಾಗ ಏರಿತು, ಒಳಗೆ ಸೇದಲು ಅವಕಾಶವಿಲ್ಲದ ಕಚೇರಿಗೆ ಸೇರಿದಾಗ ಇಳಿಯಿತು, ಮಗಳು ಹುಟ್ಟಿದ ಮೇಲೆ ಇನ್ನಷ್ಟು ಇಳಿಯಿತು. ಇವುಗಳಲ್ಲಿ ಯಾವುದೂ ನಾನು ನಿರ್ಧರಿಸಿ ಮಾಡಿದ್ದಲ್ಲ. ಆದರೆ ಮೊದಲು ಅರ್ಧಕ್ಕೇ ಎಸೆಯುತ್ತಿದ್ದ ಸಿಗರೇಟನ್ನು ಆಮೇಲೆ ಫಿಲ್ಟರ್ ಬಿಸಿಯಾಗುವವರೆಗೂ ಬಿಡುತ್ತಿರಲಿಲ್ಲ, ಒಂದೊಂದು ದಮ್ಮನ್ನೂ ಆಳವಾಗಿ ಎಳೆಯುತ್ತಿದ್ದೆ. ರಕ್ತದಲ್ಲಿರುವ ನಿಕೋಟಿನ್ ಸುಮಾರು 2 ಗಂಟೆಗಳಲ್ಲಿ ಅರ್ಧಕ್ಕಿಳಿಯುವುದರಿಂದ, ಅದರ ಮಟ್ಟಕ್ಕೆ ಒಗ್ಗಿಹೋದ ಮಿದುಳು ಸಿಕ್ಕ ಕೆಲವೇ ಸಿಗರೇಟುಗಳಿಂದ ತನ್ನ ಪಾಲನ್ನು ವಸೂಲು ಮಾಡಿಕೊಳ್ಳುತ್ತದೆ. ‘ಲೈಟ್’ ಸಿಗರೇಟಿಗೆ ಹೋದವರಲ್ಲೂ ಆಗುವುದು ಇದೇ: ಫಿಲ್ಟರ್‌ನ ಸಣ್ಣ ರಂಧ್ರಗಳಿಂದ ಗಾಳಿ ಬೆರೆಯುವುದರಿಂದ ಯಂತ್ರದ ಅಳತೆಯಲ್ಲಿ ಕಡಿಮೆ ಕಾಣುವ ಟಾರು (ಹೊಗೆಯಲ್ಲಿನ ಅಂಟು ಕಲ್ಮಷ), ಸೇದುವವರ ಬೆರಳು ಮತ್ತು ತುಟಿ ಆ ರಂಧ್ರಗಳನ್ನು ಮುಚ್ಚಿದಾಗ ಕಡಿಮೆಯಾಗಿ ಉಳಿಯುವುದಿಲ್ಲ.

ಹೃದಯದ ವಿಷಯದಲ್ಲಂತೂ ಎಣಿಕೆ ಮೋಸಗೊಳಿಸುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ದಿನಕ್ಕೆ 20 ಸೇದುವವರಿಗೆ ಹೃದ್ರೋಗದ ಅಪಾಯ ಎಷ್ಟು ಹೆಚ್ಚುತ್ತದೆಯೋ ಅದರ ಸುಮಾರು ಅರ್ಧದಷ್ಟು ಒಂದೇ ಒಂದು ಸೇದುವವರಿಗೂ ಹೆಚ್ಚುತ್ತದೆ.

ಆದ್ದರಿಂದ ನೀವು ಗಮನಿಸಬೇಕಾದದ್ದು, ಅಣ್ಣ ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಹಚ್ಚುತ್ತಾರೆ ಎಂಬುದನ್ನು. ನಿಕೋಟಿನ್ ಅವಲಂಬನೆಯನ್ನು ಅಳೆಯುವ ಫಾಗರ್‌ಸ್ಟ್ರಾಮ್ ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ‘5 ನಿಮಿಷದೊಳಗೆ’ ಎಂದವರಿಗೇ ಅತಿ ಹೆಚ್ಚು ಅಂಕ. 10ಕ್ಕೆ ಇಳಿದ ಮೇಲೂ ಹಾಸಿಗೆಯಿಂದ ಏಳುತ್ತಲೇ ಹಚ್ಚುತ್ತಿದ್ದರೆ ಚಟದ ಹಿಡಿತ ಹಾಗೆಯೇ ಇದೆ. ತಿಂಡಿ ಮುಗಿಸಿ ಕೆಲಸಕ್ಕೆ ಹೊರಟ ಮೇಲೆ ನೆನಪಾಗುತ್ತಿದ್ದರೆ ನಿಜಕ್ಕೂ ಸಡಿಲಗೊಂಡಿದೆ.

ಮನಸ್ಸಿಲ್ಲ ಎಂಬ ಮಾತೂ ಕೊನೆಯವರೆಗೆ ನಿಲ್ಲುವುದಿಲ್ಲ. ಬಿಡಲು ಒಪ್ಪದವರಿಗೆ ಕೇವಲ ಕಡಿಮೆ ಮಾಡಲೆಂದು ನಿಕೋಟಿನ್ ಗಮ್ ಮುಂತಾದವನ್ನು ಕೊಟ್ಟು ನೋಡಿದ ಪ್ರಯೋಗಗಳಲ್ಲಿ, ನಿಕೋಟಿನ್ ಇಲ್ಲದ ಹುಸಿ ಔಷಧ ಪಡೆದವರಿಗಿಂತ ಹೆಚ್ಚು ಜನ ಪೂರ್ತಿಯಾಗಿ ಬಿಟ್ಟಿದ್ದಾರೆ. ಕಚೇರಿಯ ಹೊತ್ತು ಕಳೆಯಲೆಂದು ಅಗಿಯತೊಡಗಿದ ಗಮ್‌ನಿಂದಲೇ ನನ್ನ ಮೊದಲ ಸಿಗರೇಟು ಮಧ್ಯಾಹ್ನಕ್ಕೆ ಸರಿದದ್ದು. ಕೆಲವು ತಿಂಗಳ ನಂತರ, ಯಾವ ಸಿದ್ಧತೆಯೂ ಇಲ್ಲದ ಒಂದು ದಿನ, ಹಚ್ಚಲೇ ಇಲ್ಲ. ಬಿಡಿ ಎಂದು ಅಣ್ಣನನ್ನು ಒತ್ತಾಯಿಸಬೇಡಿ. ಗಮ್‌ನ ಪ್ರಮಾಣವನ್ನು ವೈದ್ಯರಲ್ಲಿ ವಿಚಾರಿಸಿಕೊಂಡು, ಬೆಳಗಿನ ಮೊದಲ ಸಿಗರೇಟನ್ನು ಒಂದು ಗಂಟೆ ಮುಂದಕ್ಕೆ ಹಾಕಲಾದೀತೇ ಎಂದಷ್ಟೇ ಕೇಳಿ ನೋಡಿ.