ಭಾಷಣ ಕಡಿಮೆ ಮಾಡಿ, ತಾಲೀಮು ಮಾಡಿಸಿ

ಊರಿನ ಹುಡುಗ ಹುಡುಗಿಯರು ತಮ್ಮ ಹಕ್ಕುಗಳಿಗಾಗಿ ನಿಲ್ಲಬೇಕು, ನಾಳೆ ಜನರ ಮುಂದಾಳುಗಳಾಗಬೇಕು, ಆದರೆ ಕಾರ್ಯಕ್ರಮ ಇಟ್ಟರೆ ಯಾರೂ ಬರುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೀರಿ.

ನಾನು ಹಳ್ಳಿಯ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಮೊದಲೆಲ್ಲ ನಾನೂ ಭಾಷಣವನ್ನೇ ಮಾಡುತ್ತಿದ್ದೆ. ಮಕ್ಕಳು ಚಪ್ಪಾಳೆ ಹೊಡೆದು ಮನೆಗೆ ಹೋಗುತ್ತಿದ್ದರು, ಅಷ್ಟೇ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ನಡೆದದ್ದನ್ನು ಓದಿದ ಮೇಲೆ ನನ್ನ ದಾರಿ ಬದಲಾಯಿತು.

ಜೇಮ್ಸ್ ಲಾಸನ್ ಅನ್ನುವ ಕಪ್ಪು ಅಮೆರಿಕನ್ನರೊಬ್ಬರು ನಮ್ಮ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ ಸುಮಾರು ಮೂರು ವರ್ಷ ಇದ್ದು, ಗಾಂಧೀಜಿಯ ಸತ್ಯಾಗ್ರಹದ ರೀತಿ ಕಲಿತು, 1956ರಲ್ಲಿ ವಾಪಸ್ ಹೋದರು. ಆಗ ನ್ಯಾಶ್‌ವಿಲ್‌ನ ಅಂಗಡಿಗಳಲ್ಲಿ ಕಪ್ಪು ಜನ ಸಾಮಾನು ಕೊಳ್ಳಬಹುದಿತ್ತು, ಅದೇ ಅಂಗಡಿಯ ಊಟದ ಕೌಂಟರಿನಲ್ಲಿ ಮಾತ್ರ ಕೂರುವಂತಿರಲಿಲ್ಲ. ನಮ್ಮ ಕಡೆ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುತ್ತಿದ್ದದ್ದು ನೆನಪಾಗುತ್ತದೆ, ಅಲ್ವಾ? ಲಾಸನ್ ಕಾಲೇಜು ಹುಡುಗರನ್ನು ಚರ್ಚಿನಲ್ಲಿ ಸೇರಿಸಿ ತಿಂಗಳುಗಟ್ಟಲೆ ತಾಲೀಮು ಕೊಟ್ಟರು. ಕೆಲವರು ಕೌಂಟರಿನಲ್ಲಿ ಕೂತವರಾಗಬೇಕು, ಉಳಿದವರು ಅವರನ್ನು ಬೈಯಬೇಕು, ತಳ್ಳಬೇಕು, ಆದರೂ ಕೂತವರು ಕೈ ಎತ್ತಬಾರದು. 1960ರ ಫೆಬ್ರವರಿಯಲ್ಲಿ ನಿಜವಾಗಿ ಹೋಗಿ ಕೂತರು. ಒದೆ ತಿಂದರು, ಜೈಲಿಗೂ ಹೋದರು. ಅವರಲ್ಲಿ ಡಯಾನ್ ನ್ಯಾಶ್ ಎಂಬ 21 ವರ್ಷದ ಹುಡುಗಿ ಏಪ್ರಿಲ್ 19ರಂದು ಎಲ್ಲರೆದುರು ಮೇಯರನ್ನೇ ಕೇಳಿದಳು, ಬಣ್ಣ ನೋಡಿ ಭೇದ ಮಾಡುವುದು ತಪ್ಪಲ್ಲವೇ ಅಂತ. ತಪ್ಪು ಅಂತ ಆತ ಒಪ್ಪಿಕೊಂಡರು. ಮೇ 10ರಿಂದ ಕೌಂಟರುಗಳು ಎಲ್ಲರಿಗೂ ತೆರೆಯತೊಡಗಿದವು. ಅವಳಿಗೂ ಮೊದಲು ಭಯ ಇತ್ತು. ಭಯ ಇದ್ದವರಿಗೇ ತಾಲೀಮು ಬೇಕಾಗುವುದು.

ಇದನ್ನೇ ನಮ್ಮ ಶಾಲೆಯಲ್ಲಿ, ಪಂಚಾಯಿತಿಯವರು ಮಕ್ಕಳ ಮಾತು ಕೇಳಲು ನಡೆಸುವ ಮಕ್ಕಳ ಗ್ರಾಮ ಸಭೆಗೆ ಮುಂಚೆ ಮಾಡಿ ನೋಡಿದೆ. ಹುಡುಗಿಯರ ಶೌಚಾಲಯಕ್ಕೆ ನೀರಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ನಾನು ಪಂಚಾಯಿತಿ ಅಧಿಕಾರಿ, ಅಂದರೆ ಪಿಡಿಓ ಆಗಿ ಕುರ್ಚಿ ಹಾಕಿಕೊಂಡು ಕೂತೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ಕೇಳಬೇಕು, ನಾನು "ನೋಡೋಣಮ್ಮ, ಅನುದಾನ ಇಲ್ಲ" ಅನ್ನಬೇಕು. ಮೊದಲ ದಿನ ಅಲ್ಲಿಗೇ ಕೂತುಬಿಟ್ಟಳು. ನಾಲ್ಕನೇ ದಿನ "ಯಾವ ತಿಂಗಳು ಆಗುತ್ತೆ ಸರ್, ಬರೆದು ಕೊಡಿ" ಅಂದಳು. ಸಭೆಯಲ್ಲೂ ಅದನ್ನೇ ಕೇಳಿದಳು, ನಡವಳಿ ಪುಸ್ತಕದಲ್ಲಿ ಬರೆಸಿಯೇ ಕೂತಳು. ನೀರು ಬರೋದಕ್ಕೆ ಆಮೇಲೂ ತಿಂಗಳುಗಟ್ಟಲೆ ಹಿಡಿಯಿತು, ಮಕ್ಕಳು ಎರಡು ಸಲ ಪಂಚಾಯಿತಿಗೆ ಹೋಗಿ ವಿಚಾರಿಸಿ ಬಂದರು. ನನಗೆ ಅದೇ ಜಾಸ್ತಿ ಖುಷಿ ಕೊಟ್ಟಿದ್ದು.

ಸ್ವಲ್ಪ ದೊಡ್ಡವರಾದರೆ ಮಾಹಿತಿ ಹಕ್ಕಿನ ಅರ್ಜಿ ಬರೆಸಿ. ಹತ್ತು ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಕೊಡಬೇಕು, ಕೊಡದಿದ್ದರೆ ಮೇಲ್ಮನವಿ. ರಸ್ತೆಗೆ ಎಷ್ಟು ದುಡ್ಡು ಬಂತು ಅಂತ ಒಂದೇ ವಿಷಯ ಕೇಳಲಿ. 18 ತುಂಬಿದವರು ಗ್ರಾಮ ಸಭೆಗೆ ಹೋಗಲಿ, 21ಕ್ಕೆ ಪಂಚಾಯಿತಿ ಚುನಾವಣೆಗೇ ನಿಲ್ಲಬಹುದು.

ಇನ್ನೊಂದು ಮಾತು, ಇದು ನಮ್ಮಂಥ ದೊಡ್ಡವರಿಗೆ ಕಷ್ಟದ್ದು. 1960ರಲ್ಲೇ ಅಮೆರಿಕದ ಎಲಾ ಬೇಕರ್ ಅನ್ನುವ ಹಿರಿಯ ಹೋರಾಟಗಾರ್ತಿ ಹಾಗೆ ಕೌಂಟರಿನಲ್ಲಿ ಕೂತ ವಿದ್ಯಾರ್ಥಿಗಳನ್ನು ಒಂದು ಕಡೆ ಕರೆಸಿದರು. ದೊಡ್ಡವರ ಸಂಘದ ಬಾಲ ಆಗಬೇಡಿ, ನಿಮ್ಮದೇ ಸಂಘ ಕಟ್ಟಿಕೊಳ್ಳಿ ಅನ್ನುವುದೇ ಅವರ ನಿಲುವಾಗಿತ್ತು. ನಾವು ಏನು ಮಾಡುತ್ತೇವೆ? ಮೈಕು ನಮ್ಮ ಕೈಯಲ್ಲೇ, ವೇದಿಕೆಯ ಕುರ್ಚಿಯೂ ನಮಗೇ, ಮಕ್ಕಳು ಸುಮ್ನೆ ಸ್ವಾಗತ ಗೀತೆ ಹಾಡಬೇಕು. ಹಾಗಿದ್ದರೆ ಅವರು ಯಾಕೆ ಬರುತ್ತಾರೆ ಹೇಳಿ.

ಹಾಗಾಗಿ ಈ ಸಲ ಕಾರ್ಯಕ್ರಮ ಇಡಬೇಡಿ. ನಿಮ್ಮ ಊರಲ್ಲಿ ಮಕ್ಕಳ ಗ್ರಾಮ ಸಭೆ ಯಾವತ್ತು ಅಂತ ವಿಚಾರಿಸಿ, ವಿಚಾರಿಸೋದಕ್ಕೂ ನೀವು ಹೋಗಬೇಡಿ, ಇಬ್ಬರು ಮಕ್ಕಳನ್ನೇ ಪಂಚಾಯಿತಿಗೆ ಕಳಿಸಿ.