ಮಾತ್ರೆ ಜಾಸ್ತಿಯಾದರೆ ಬೇಗ ವಾಸಿಯಾಗುತ್ತದೆಯೇ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ 26 ವರ್ಷ. ಸ್ಕಿಜೋಫ್ರೇನಿಯಾ ಅಂತ ಹೇಳಿದ್ದಾರೆ. ಹ್ಯಾಲೊಪೆರಿಡಾಲ್ 10 ಮಿಲಿಗ್ರಾಂ ಶುರು ಮಾಡಿದ ಮೇಲೆ ಕಿವಿಯಲ್ಲಿ ದನಿ ಕೇಳುವುದು ನಿಂತಿತು. ಆದರೆ ಕೈ ನಡುಗುತ್ತದೆ, ನಡಿಗೆ ಬಿಗಿಯಾಗಿದೆ. ಈಗ ಡಾಕ್ಟರ್ 5ಕ್ಕೆ ಇಳಿಸಿದ್ದಾರೆ. ನನಗೆ ಭಯವಾಗುತ್ತಿದೆ. ಜಾಸ್ತಿ ಕೊಟ್ಟರೇ ಒಳ್ಳೆಯದಲ್ವಾ? ಸ್ಕ್ಯಾನ್ ಮಾಡಿಸಿ ಎಷ್ಟು ಬೇಕೆಂದು ತಿಳಿಯಬಹುದೇ?
– ಒಬ್ಬ ತಾಯಿ, ಡೊಂಬಿವಲಿ

ಉತ್ತರ: ಅಮ್ಮಾ, ನಿಮ್ಮ ಪತ್ರ ಓದಿ ಕುಂದಾಪುರದ ಒಬ್ಬ ಹುಡುಗ ನೆನಪಾದ. ಮಾಟುಂಗದ ಹೋಟೆಲಿನಲ್ಲಿ ಕೆಲಸಕ್ಕಿದ್ದ. ನಾನು ಆಗ ಹೊಸ ಡಾಕ್ಟರ್. ದಿನಕ್ಕೆ 20 ಮಿಲಿಗ್ರಾಂ ಹ್ಯಾಲೊಪೆರಿಡಾಲ್ ಬರೆದುಕೊಟ್ಟಿದ್ದೆ. "ದನಿ ಹೋಯ್ತು ಡಾಕ್ಟ್ರೇ, ಆದ್ರೆ ಕಾಫಿ ಲೋಟ ಹಿಡಿಯೋಕಾಗ್ತಿಲ್ಲ" ಅಂದ. ನಡುಕಕ್ಕೆ ಇನ್ನೊಂದು ಮಾತ್ರೆ ಸೇರಿಸಿದೆ. ಮೊದಲಿನದನ್ನು ಇಳಿಸಬೇಕು ಅಂತ ಹೊಳೆಯಲಿಲ್ಲ. ಅವನ ಕೆಲಸ ಹೋಯಿತು. ಆ ಬೇಸರ ಇನ್ನೂ ನನ್ನಲ್ಲಿದೆ.

ಇಳಿಸಬಹುದು ಎಂಬ ಧೈರ್ಯ ನಮಗೆ ಬಂದದ್ದು ಪೆಟ್ ಸ್ಕ್ಯಾನಿನಿಂದ. ನೀವು ಲೋಕಲ್ ಟ್ರೈನಿನವರು, ಹಾಗಾಗಿ ಹೀಗೆ ಹೇಳುತ್ತೇನೆ. ಮಿದುಳಿನ ಒಳಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಂದು ಕೂರುವ ಸೀಟುಗಳಿವೆ. ಡಿ2 ರಿಸೆಪ್ಟರ್ ಅನ್ನುತ್ತೇವೆ. ಮಾತ್ರೆ ಆ ಸೀಟು ಹಿಡಿದು ಕೂರುತ್ತದೆ. ಸ್ಕ್ಯಾನಿಗೆ ಮುಂಚೆ ರಾಕ್ಲೊಪ್ರೈಡ್ ಎಂಬ ವಸ್ತುವಿಗೆ ವಿಕಿರಣ ಸೂಸುವ ಕಾರ್ಬನ್ ಸೇರಿಸಿ, ತೀರಾ ಸ್ವಲ್ಪ ಚುಚ್ಚುತ್ತಾರೆ. ಅದೂ ಅದೇ ಸೀಟಿಗೇ ಹೋಗುತ್ತದೆ. ಕಲ್ಯಾಣದಲ್ಲಿ ಹತ್ತಿದವರು ಕೂತುಬಿಟ್ಟಿದ್ದರೆ ಡೊಂಬಿವಲಿಯವರಿಗೆ ಸೀಟೆಲ್ಲಿ? ಹಾಗೆಯೇ, ಮಾತ್ರೆ ಎಷ್ಟು ಸೀಟು ಹಿಡಿದಿದೆಯೋ ಚಿತ್ರ ಅಷ್ಟು ಮಂಕಾಗುತ್ತದೆ. ಸ್ಟಾಕ್‌ಹೋಮಿನ ಕರೋಲಿನ್ಸ್ಕಾ ಸಂಸ್ಥೆಯಲ್ಲಿ ಲಾರ್ಸ್ ಫಾರ್ಡೆ ಮತ್ತು ಜೊತೆಯವರು 1980ರ ದಶಕದಲ್ಲೇ ಇದನ್ನು ಅಳೆದರು.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಸಿಕ್ಕಿದ್ದು 2000ದಲ್ಲಿ, ಟೊರಾಂಟೊದಲ್ಲಿ. ದೆಹಲಿಯ ಏಮ್ಸ್‌ನಲ್ಲಿ ಓದಿದ ಶಿತಿಜ್ ಕಪೂರ್ ತಂಡ, ಮೊದಲ ಸಲ ಕಾಯಿಲೆ ಬಂದ 22 ಜನರಿಗೆ ಹ್ಯಾಲೊಪೆರಿಡಾಲ್ ಬರೀ 1 ಅಥವಾ 2.5 ಮಿಲಿಗ್ರಾಂ ಕೊಟ್ಟು ಸ್ಕ್ಯಾನ್ ಮಾಡಿತು. ನೂರರಲ್ಲಿ 65 ಸೀಟು ದಾಟಿದವರಲ್ಲಿ ಗುಣ ಕಾಣುವ ಸಾಧ್ಯತೆ ಜಾಸ್ತಿ ಇತ್ತು. 78 ದಾಟಿದರೆ ಬಿಗಿತ, ನಡುಕ ಜಾಸ್ತಿ. ನಡುವಿನ ಜಾಗ ಎಷ್ಟು ಕಿರಿದು ನೋಡಿ. (ಎಲ್ಲ ಔಷಧಿಗೂ ಇದೇ ಲೆಕ್ಕವಲ್ಲ. ಇದೇ ಕಾಯಿಲೆಗೆ ಕೊಡುವ ಕ್ಲೋಜಪಿನ್ ಎಂಬ ಮಾತ್ರೆ ಇದಕ್ಕಿಂತ ಕಡಿಮೆ ಸೀಟಿನಲ್ಲೂ ಕೆಲಸ ಮಾಡುತ್ತದೆ.) ನಿಮ್ಮ ಡಾಕ್ಟರ್ 5ಕ್ಕೆ ಇಳಿಸಿದ್ದು ಅಸಡ್ಡೆಯಿಂದಲ್ಲ ಅಮ್ಮಾ. ದನಿ ನಿಂತು ಕೈ ನಡುಗುತ್ತಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ.

ಮಗನಿಗೆ ಸ್ಕ್ಯಾನ್ ಬೇಡ. ಮುಂಬೈಯಲ್ಲಿ ಪೆಟ್ ಇದೆ, ಆದರೆ ಆಸ್ಪತ್ರೆಗಳಲ್ಲಿ ಅದು ಹೆಚ್ಚಾಗಿ ಕ್ಯಾನ್ಸರಿಗೆ. ಸೀಟು ಎಣಿಸುವ ಈ ಸ್ಕ್ಯಾನ್ ಸಂಶೋಧನೆಗೆ ಮಾತ್ರ. ಆ ಕಾರ್ಬನ್ 20 ನಿಮಿಷಕ್ಕೆ ಅರ್ಧವಾಗುತ್ತದೆ, ಹಾಗಾಗಿ ಅದನ್ನು ತಯಾರಿಸುವ ಸೈಕ್ಲೊಟ್ರಾನ್ ಎಂಬ ಯಂತ್ರ ಪಕ್ಕದಲ್ಲೇ ಇರಬೇಕು.

ಸುಮ್ನೆ ಕೂತು ಭಯಪಡಬೇಡಿ. ಒಂದು ನೋಟ್‌ಬುಕ್ ಇಡಿ. ನಿದ್ದೆ ಎಷ್ಟು, ಒಬ್ಬನೇ ಮಾತಾಡಿದನಾ, ಊಟದಲ್ಲಿ ಕೈ ನಡುಗಿತಾ, ದಿನಾ ಎರಡು ಸಾಲು ಬರೆಯಿರಿ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಏರಿಸಲೂ ಬೇಡಿ. ದನಿ ಮತ್ತೆ ಶುರುವಾದರೆ ತಾರೀಖಿಗೆ ಕಾಯದೆ ನೋಟ್‌ಬುಕ್ ಹಿಡಿದು ಡಾಕ್ಟರ ಹತ್ತಿರ ಹೋಗಿ.